ಗಿಣ್ಣು ಯಾರ ಪಾಲು?

ಪಶುವೈದ್ಯ ಇಲಾಖೆಯಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತರಾದ ನಮ್ಮ ‘ಡಾಕ್ಟರಮ್ಮ’ ಓದುಗರ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಹಸು ಕರು ಹಾಕಿದಾಗಲೆಲ್ಲ ನನ್ನ ತಮ್ಮ ಊರಿನಿಂದ ಗಿಣ್ಣುಹಾಲು ತಂದುಕೊಡುತ್ತಾನೆ. ಕಳೆದ ತಿಂಗಳು ಬೆಲ್ಲ, ಏಲಕ್ಕಿ ಹಾಕಿ ಗಿಣ್ಣು ಬೇಯಿಸಿಟ್ಟೆ. ಬೆಂಗಳೂರಿನಲ್ಲಿ ಓದುತ್ತಿರುವ ಮಗಳು, ‘ಇದು ಕರುವಿನ ಬಾಯಿಂದ ಕಿತ್ತುಕೊಂಡದ್ದು’ ಎಂದು ತಟ್ಟೆ ಸರಿಸಿದಳು. ಈಗ ಕಾಫಿಗೂ ಹಾಲು ಬೇಡವಂತೆ. ಅತ್ತೆಯವರು ಮೂರು ದಿನ ಅವಳನ್ನು ಮಾತನಾಡಿಸಲಿಲ್ಲ. ಯಾರು ಸರಿ?
– ಹೆಸರು ಬೇಡವೆಂದ ಓದುಗರು, ತಿಪಟೂರು

ಉತ್ತರ: ಗಿಣ್ಣಿನ ವಿಷಯದಲ್ಲಿ ನಿಮ್ಮ ಮಗಳು ಅರ್ಧ ತಪ್ಪು. ಹಾಲಿನ ವಿಷಯದಲ್ಲಿ ನೀವು ಅಂದುಕೊಂಡಿರುವುದಕ್ಕಿಂತ ಹೆಚ್ಚು ಸರಿ.

ಮೊದಲು ಗಿಣ್ಣು. ಹೊಟ್ಟೆಯಲ್ಲಿರುವಾಗ ಕರುವಿಗೆ ತಾಯಿಯ ರೋಗನಿರೋಧಕ ಶಕ್ತಿ ದಾಟಿ ಬರುವುದಿಲ್ಲ; ಬರುವುದು ಗಿಣ್ಣಿನಲ್ಲೇ. ಅದನ್ನು ಹೀರಿಕೊಳ್ಳುವ ಕರುಳಿನ ಶಕ್ತಿ ಹುಟ್ಟಿದ ಒಂದು ದಿನದಲ್ಲಿ ಮುಗಿದುಹೋಗುತ್ತದೆ. 30 ಕಿಲೋ ತೂಗುವ ಕರುವಿಗೆ ಆ ದಿನ ಸುಮಾರು 3 ಲೀಟರ್ ಗಿಣ್ಣು ಬೇಕು. ಅದರಲ್ಲೂ ಮೊದಲ ಕಂತು ಎರಡು ಗಂಟೆಯೊಳಗೆ ಹೊಟ್ಟೆ ಸೇರಬೇಕು. ಒಳ್ಳೆಯ ಸೀಮೆಹಸು ಕೊಡುವುದು ಇದಕ್ಕಿಂತ ಜಾಸ್ತಿ. ಕಾಯಿಸಿದರೆ ಗಟ್ಟಿಯಾಗುವ ಆ ಹಾಲನ್ನು ಡೇರಿಯವರೂ ತೆಗೆದುಕೊಳ್ಳುವುದಿಲ್ಲ. ಕರು ಕುಡಿದು ಮಿಕ್ಕಿದ್ದು ನಿಮ್ಮ ಪಾತ್ರೆಗೆ ಬಂದಿದ್ದರೆ ನೆಮ್ಮದಿಯಾಗಿ ತಿನ್ನಿ.

ಆದರೆ ಕುಡಿದು ಮಿಕ್ಕಿದ್ದೇ ಬಂದಿತೋ ಇಲ್ಲವೋ ನೋಡಬೇಕು. ನಾನು ಅರಸೀಕೆರೆ ಕಡೆ ಇದ್ದಾಗ ಒಂದು ರಾತ್ರಿ, ಹಸುವಿಗೆ ಮಾಸು (ಕರುವಿನ ಹಿಂದೆಯೇ ಹೊರಬೀಳಬೇಕಾದ ಪೊರೆ) ಬಿದ್ದಿಲ್ಲವೆಂದು ಕರೆದೊಯ್ದರು. ಹೋದ ಕೂಡಲೇ ಮನೆಯಾಕೆ ಒಂದು ಬಟ್ಟಲು ಗಿಣ್ಣು ಕೈಗಿತ್ತರು. ಮಧ್ಯಾಹ್ನದಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ, ತಿಂದೆ. ಆಮೇಲೆ ಕೊಟ್ಟಿಗೆಗೆ ಹೋಗಿ ನೋಡಿದರೆ, ಬೆಳಗ್ಗೆ ಹುಟ್ಟಿದ ಕರುವನ್ನು ದೂರದ ಕಂಬಕ್ಕೆ ಕಟ್ಟಿದ್ದಾರೆ. ಬಾಯಿ ಒಣಗಿದೆ, ಕಿವಿ ತಣ್ಣಗಿವೆ. ಮಾಸು ಬೀಳುವ ಮುಂಚೆ ಕರು ಬಿಡಬಾರದೆಂಬ ಹಳೆಯ ನಂಬಿಕೆ. (ಕರು ಚೀಪಿದರೆ ಮಾಸು ಬೀಳಲಿಕ್ಕೇ ನೆರವಾಗುತ್ತದೆ ಎಂದು ಎಷ್ಟು ಸಭೆಗಳಲ್ಲಿ ಹೇಳಿದ್ದೇನೋ ಲೆಕ್ಕವಿಲ್ಲ.) ಗಿಣ್ಣು ಅಷ್ಟರಲ್ಲಿ ಏಳು ಮನೆಗಳಿಗೆ ಹಂಚಿಯಾಗಿತ್ತು, ಎಂಟನೆಯ ಪಾಲು ನನ್ನ ಹೊಟ್ಟೆಯಲ್ಲಿತ್ತು. ಬೈದೆ, ಕೆಚ್ಚಲಲ್ಲಿ ಉಳಿದದ್ದನ್ನು ಹಿಂಡಿ ಕುಡಿಸಿದೆ. ನಾಲ್ಕನೆಯ ದಿನ ಬಿಳಿ ಭೇದಿಯಾಗಿ ಕರು ಸತ್ತಿತು.

ಇನ್ನು ಹಾಲು. ಸೀಮೆಹಸು ಹೆಣ್ಣುಗರು ಹಾಕಿದರೆ ಮನೆಗೆ ಲಕ್ಷ್ಮಿ ಬಂದಂತೆ. ಹೋರಿಗರುವಾದರೆ? ಉಳಲು ಟ್ರ್ಯಾಕ್ಟರ್ ಇದೆ. ಹಿಣಿಲು ಇಲ್ಲದ, ಬಿಸಿಲು ತಾಳದ ಆ ಹೋರಿ ನೊಗಕ್ಕೆ ನಾಟಿ ಎತ್ತಿನಷ್ಟು ಒಗ್ಗುವುದೂ ಇಲ್ಲ. ಹಸುವಿಗೆ ಗಬ್ಬ ಕಟ್ಟಿಸಲು ನನ್ನಂಥವರ ಬಳಿ ವೀರ್ಯದ ಕಡ್ಡಿ ಇದೆ. ಹೋರಿಗರುವಿಗೆ ದಿನಕ್ಕೆ 3 ಲೀಟರ್ ಬಿಟ್ಟರೆ ಸುಮಾರು ನೂರು ರೂಪಾಯಿಯ ಹಾಲು ಹೋಯಿತು. ಎರಡು ಹಸುವಿನಲ್ಲಿ ಸಂಸಾರ ನಡೆಸುವವರು ಅದನ್ನು ಎಲ್ಲಿಂದ ತುಂಬಿಕೊಳ್ಳಬೇಕು? ಮುಂಚೆ ಇಂಥ ಕರುಗಳನ್ನು ಕೊಳ್ಳುವವರು ಬರುತ್ತಿದ್ದರು, ಎಲ್ಲಿಗೆ ಒಯ್ಯುತ್ತಾರೆಂದು ಯಾರೂ ಕೇಳುತ್ತಿರಲಿಲ್ಲ. 2021ರಲ್ಲಿ ಹೊಸ ಗೋಹತ್ಯೆ ನಿಷೇಧ ಕಾಯ್ದೆ ಜಾರಿಯಾದ ಮೇಲೆ ಅವರು ಬರುವುದೂ ಕಡಿಮೆಯಾಯಿತು. ಆದರೆ ಆ ಕರುವಿಗೆ ಹಾಲು ಯಾರು ಹಾಕಬೇಕೆಂದು ಯಾವ ಕಾಯ್ದೆಯೂ ಹೇಳಲಿಲ್ಲ.

ಹಾಗಾಗಿ ಎಷ್ಟೋ ಮನೆಗಳಲ್ಲಿ ಹೋರಿಗರುವನ್ನು ಸೊರೆ ಬಿಡಿಸುವುದಕ್ಕಷ್ಟೇ, ಅಂದರೆ ಹಸು ಹಾಲು ಇಳಿಸಲೆಂದಷ್ಟೇ, ಕೆಚ್ಚಲಿಗೆ ಮುಟ್ಟಿಸಿ ಎಳೆದು ಕಟ್ಟುತ್ತಾರೆ. ಕೆಲವು ವಾರಗಳಲ್ಲಿ ಅದು ‘ತಾನಾಗಿಯೇ’ ಸಾಯುತ್ತದೆ. ಎಮ್ಮೆಯ ಕೋಣಗರುವಿನ ಪಾಡೂ ಇದೇ. ಸತ್ತ ಕರುಗಳ ಹೊಟ್ಟೆ ಸೀಳಿದಾಗ ಮಣ್ಣು, ಕೂದಲಿನ ಉಂಡೆ, ಕಣ್ಣಿಯ ನಾರು ಕಂಡಿದ್ದೇನೆ. ಆ ಮನೆಗಳಲ್ಲಿ ಮಾಂಸ ತಿನ್ನದವರೂ ಇದ್ದರು. ಕರುವಿನ ಮೇಲೆ ಕೈ ಎತ್ತಿದವರಂತೂ ಯಾರೂ ಇರಲಿಲ್ಲ. ಸಾಕಿದ ಪ್ರಾಣಿಗೆ ಸಾಕಷ್ಟು ಆಹಾರ ಕೊಡದಿರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಅಪರಾಧವೇ. ಮೊದಲ ಸಲದ ದಂಡ 10ರಿಂದ 50 ರೂಪಾಯಿ. ಕರುವನ್ನು ಉಪವಾಸ ಕೆಡವಿದ್ದಕ್ಕೆ ಅಷ್ಟನ್ನಾದರೂ ಕಟ್ಟಿದವರನ್ನು ನನ್ನ ಸೇವೆಯಲ್ಲಿ ಕಾಣಲಿಲ್ಲ. ರೈತರನ್ನು ದೂರುತ್ತಿದ್ದೇನೆ ಎಂದುಕೊಳ್ಳಬೇಡಿ. ಹಾಲಿನ ಬೆಲೆ ಎರಡು ರೂಪಾಯಿ ಏರಿದರೆ ಊರೆಲ್ಲ ಗೊಣಗುವವರು ನಾವೇ.

ನಿಮ್ಮ ಅತ್ತೆಯವರಿಗೆ ಒಂದು ಮಾತು ಹೇಳಿ: ಹಾಲು ಬಿಡುವುದು ಬೆಂಗಳೂರಿನ ಹುಡುಗಿಯರು ಕಂಡುಹಿಡಿದದ್ದಲ್ಲ. ಗಾಂಧೀಜಿ 1912ರಲ್ಲಿ ದಕ್ಷಿಣ ಆಫ್ರಿಕಾದಲ್ಲೇ ಹಾಲು ಬಿಟ್ಟಿದ್ದರು. ಕಲ್ಕತ್ತೆಯಲ್ಲಿ ಹಾಲಿನವರು ಕೊನೆಯ ಹನಿಯವರೆಗೂ ಹಿಂಡಲು ಮಾಡುತ್ತಿದ್ದ ‘ಫೂಕಾ’ ಎಂಬ ಹಿಂಸೆಯ ಬಗ್ಗೆ ಓದಿದ್ದು ಅದಕ್ಕೊಂದು ಕಾರಣ. (ಮೇಲೆ ಹೇಳಿದ ಕಾಯ್ದೆ ಫೂಕಾವನ್ನು ಹೆಸರು ಹಿಡಿದೇ ನಿಷೇಧಿಸಿದೆ. ಅದೇನೆಂದು ಊಟದ ಹೊತ್ತಿನಲ್ಲಿ ಓದುವ ಪತ್ರಿಕೆಯಲ್ಲಿ ವಿವರಿಸಲಾರೆ.) ಮುಂದೆ ಕಾಯಿಲೆ ಬಿದ್ದಾಗ, ಆಡಿನ ಹಾಲಿಗೇನು ಅಡ್ಡಿ ಎಂದು ಕಸ್ತೂರಬಾ ಕೇಳಿದರು. ಗಾಂಧೀಜಿ ಕುಡಿದರು. ವ್ರತದ ಅಕ್ಷರವಷ್ಟೇ ಉಳಿದು ಅರ್ಥ ಹೋಯಿತಲ್ಲ ಎಂದು ಆಮೇಲೆ ಕೊರಗಿ ಬರೆದುಕೊಂಡರು.

ಈಗ ತಮ್ಮನಿಗೆ ಫೋನ್ ಮಾಡಿ ಎರಡು ಮಾತು ಕೇಳಿ. ಕರು ಹುಟ್ಟಿದ ಎಷ್ಟು ಹೊತ್ತಿಗೆ ಗಿಣ್ಣು ಕುಡಿಯಿತು? ಹೋದ ಸಲದ ಹೋರಿಗರು ಈಗ ಎಲ್ಲಿದೆ? ಎರಡನೆಯದಕ್ಕೆ ಅವನು ತಡವರಿಸಿದರೆ ಜಗಳವಾಡಬೇಡಿ. ಹೆಣ್ಣುಗರುವೇ ಹುಟ್ಟುವಂತೆ ಬೇರ್ಪಡಿಸಿದ ವೀರ್ಯದ ಕಡ್ಡಿ ಈಗ ಬಂದಿದೆ. ನೂರಕ್ಕೆ ತೊಂಬತ್ತರಷ್ಟು ಹೆಣ್ಣೇ ಹುಟ್ಟುತ್ತದೆ. ಮಾಮೂಲಿ ಕಡ್ಡಿಗಿಂತ ಬೆಲೆ ಹೆಚ್ಚು. ಆ ಹೆಚ್ಚಿನ ದುಡ್ಡನ್ನು ಗಿಣ್ಣು ತಿನ್ನುವ ಅಕ್ಕ ಕೊಡಬಹುದು.

ಮಗಳಿಗೆ ಹಾಲಿಲ್ಲದ ಕಾಫಿ ಮಾಡಿಕೊಡಿ, ಸುಮ್ಮನಿರಿ. ನಾನು ಹಾಲು ಬಿಟ್ಟಿಲ್ಲ. ಪ್ಯಾಕೆಟ್ ಬಿಟ್ಟು, ಕರುವನ್ನು ಕಣ್ಣಾರೆ ನೋಡಬಹುದಾದ ಒಂದು ಮನೆಯಿಂದ ಮುಕ್ಕಾಲು ಲೀಟರ್ ತರುತ್ತೇನೆ. ದುಬಾರಿ, ಪೇಟೆಯಲ್ಲಿ ಎಲ್ಲರಿಗೂ ಆಗುವಂಥದ್ದಲ್ಲ ಎಂದೂ ಗೊತ್ತು.

ಪ್ರಶ್ನೆ: ನಾನು ಸರ್ಕಾರಿ ಶಾಲೆಯ ಶಿಕ್ಷಕಿ. ಒಂದು ಕೋಳಿ ಫಾರಂ ನೋಡಿ ಬಂದ ಮೇಲೆ ಮಕ್ಕಳಿಗೆ ಮೊಟ್ಟೆ ಬಡಿಸಲು ಮನಸ್ಸಾಗುತ್ತಿಲ್ಲ. ಏನು ಮಾಡಲಿ?
– ಕೊಪ್ಪಳ ಜಿಲ್ಲೆಯಿಂದ

ಉತ್ತರ: ಬಡಿಸಿ. ನೀವು ಕಂಡದ್ದು ಸುಳ್ಳಲ್ಲ. ಸಾಮಾನ್ಯವಾಗಿ ತಂತಿಗೂಡಿನಲ್ಲಿ ಒಂದು ಕೋಳಿಗೆ ಸಿಗುವ ಜಾಗ ಒಂದು ಎ4 ಹಾಳೆಗಿಂತ ಚಿಕ್ಕದು. ರೆಕ್ಕೆ ಬಿಚ್ಚಲಾಗದು, ಮಣ್ಣು ಕೆದಕಲಾಗದು. ಒಂದನ್ನೊಂದು ಕುಕ್ಕದಿರಲಿ ಎಂದು ಕೊಕ್ಕಿನ ತುದಿ ಕತ್ತರಿಸಿರುತ್ತಾರೆ. ಇದರ ಮೂಲವಾದ ಕಾಡುಕೋಳಿ ವರ್ಷಕ್ಕೆ ಹತ್ತು ಹದಿನೈದು ಮೊಟ್ಟೆ ಇಡುತ್ತದೆ, ಇದು ಮುನ್ನೂರು. ಈ ತಳಿಯ ಹುಂಜದ ಮರಿಗಳನ್ನು ಹುಟ್ಟಿದ ದಿನವೇ ಕೊಲ್ಲುತ್ತಾರೆ: ಇಲ್ಲೂ ಹೋರಿಗರುವಿನದೇ ಲೆಕ್ಕ. ಯುರೋಪ್ ಒಕ್ಕೂಟದಲ್ಲಿ ಇಂಥ ಗೂಡುಗಳಿಗೆ 2012ರಿಂದ ನಿಷೇಧವಿದೆ. ನಮ್ಮ ಕಾನೂನು ಆಯೋಗವೂ 2017ರ ವರದಿಯಲ್ಲಿ ಇವುಗಳ ವಿರುದ್ಧ ಬರೆದಿದೆ.

ಆದರೆ ಗೂಡು ಕಟ್ಟಿದ್ದು ನಿಮ್ಮ ಮೂರನೆಯ ತರಗತಿಯ ಮಗುವಲ್ಲ. ಮನೆಯಲ್ಲಿ ಅದಕ್ಕೆ ಮೊಟ್ಟೆ ಸಿಗುತ್ತದೆ ಎಂಬ ಭರವಸೆಯೂ ಇಲ್ಲ. ಸಂಬಳ ಎಣಿಸುವವರು ಮೊದಲು ತಮ್ಮ ಮನೆಯ ಮೊಟ್ಟೆಯನ್ನು ಹಿತ್ತಲಲ್ಲಿ ಕೋಳಿ ಸಾಕುವವರಿಂದ ಕೊಳ್ಳಲಿ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹಿತ್ತಲಿಗೆಂದೇ ರೂಪಿಸಿದ ಗಿರಿರಾಜ ಕೋಳಿಯನ್ನು ನಿಮ್ಮ ಊರಿನ ಸ್ವಸಹಾಯ ಸಂಘದವರು ಸಾಕಿದರೆ, ಅಷ್ಟಿಷ್ಟು ಮೊಟ್ಟೆ ಶಾಲೆಗೂ ಬಂದೀತು. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಮಾತು ಎತ್ತಿ ನೋಡಿ.

ಪ್ರಶ್ನೆ: ಹಿಂಸೆಯ ಬಗ್ಗೆ ಇಷ್ಟೆಲ್ಲ ಹೇಳುವ ನೀವು ಮಾಂಸ ತಿನ್ನುತ್ತೀರಾ?
– ಮಂಡ್ಯದಿಂದ

ಉತ್ತರ: ತಿನ್ನುತ್ತೇನೆ. ಹಬ್ಬಕ್ಕೆ, ನೆಂಟರು ಬಂದಾಗ, ಬಯಲಲ್ಲಿ ಮೇಯ್ದ ಕುರಿ. ಬ್ರಾಯ್ಲರ್ ಕೋಳಿ ಬಿಟ್ಟು ಒಂಬತ್ತು ವರ್ಷವಾಯಿತು. ಆರು ವಾರದಲ್ಲಿ ಎರಡು ಕಿಲೋ ಬೆಳೆದು, ಕಾಲೂರಲಾರದೆ ಕುಸಿದು ಕೂರುವ ಮರಿಗಳನ್ನು ನೋಡಿ ನೋಡಿ ಸಾಕಾಯಿತು. ಕುರಿಗೂ ಸಾಯುವ ಮನಸ್ಸಿರುವುದಿಲ್ಲ ಎಂದು ನೀವು ಕೇಳಿದರೆ ನನ್ನ ಬಳಿ ಉತ್ತರವಿಲ್ಲ. ನಿಮ್ಮ ಕಾಗದದ ಇನ್ನೊಂದು ಪ್ರಶ್ನೆ, ಕುರಿಗಳಿಗೆ ಜಂತುಹುಳುವಿನ ಔಷಧ ಯಾವಾಗ ಕುಡಿಸಬೇಕೆಂಬುದು, ಮಳೆ ಹಿಡಿಯುವ ಮುಂಚೆಯೇ ತಿಳಿಯಬೇಕಾದದ್ದು. ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇನೆ.