ಫೋಲ್ಡರ್ ಶೇರಿಂಗ್: ಯಾವ ಕಂಪ್ಯೂಟರಿನಲ್ಲಿ ಸುಲಭ?

ಪ್ರಶ್ನೆ: ಮನೆಯಲ್ಲಿ ಒಂದೇ ವೈಫೈಗೆ ವಿಂಡೋಸ್ 11 ಲ್ಯಾಪ್‌ಟಾಪ್, ಒಂದು ಮ್ಯಾಕ್, ಉಬುಂಟು ಹಾಕಿದ ಹಳೆಯ ಕಂಪ್ಯೂಟರ್ ಇವೆ. ಪೆನ್ ಡ್ರೈವ್ ಇಲ್ಲದೆ ಫೈಲ್ ಹಂಚಿಕೊಳ್ಳಬೇಕು. ವಿಂಡೋಸ್‌ನಲ್ಲಿ ಫೋಲ್ಡರ್ ಶೇರ್ ಮಾಡಿದೆ, ಆದರೆ ಮ್ಯಾಕ್‌ನಿಂದ ತೆರೆಯಲು ಹೋದರೆ ಪಾಸ್‌ವರ್ಡ್ ತಪ್ಪು ಅನ್ನುತ್ತದೆ. ಯಾವುದರಲ್ಲಿ ಶೇರ್ ಮಾಡುವುದು ಸುಲಭ?

ಉತ್ತರ: ಮೊದಲು ಪಾಸ್‌ವರ್ಡ್ ವಿಷಯ. ನೀವು ಹಾಕುತ್ತಿರುವುದು ಲ್ಯಾಪ್‌ಟಾಪ್ ತೆರೆಯುವ ಪಿನ್ ಅಲ್ವಾ? ಆ ಪಿನ್ ಆ ಲ್ಯಾಪ್‌ಟಾಪ್‌ಗೆ ಮಾತ್ರ, ನೆಟ್‌ವರ್ಕ್‌ನಿಂದ ಬರುವವರಿಗೆ ನಡೆಯುವುದಿಲ್ಲ. ಖಾತೆಯ ನಿಜವಾದ ಪಾಸ್‌ವರ್ಡ್ ಬೇಕು, ಮೈಕ್ರೋಸಾಫ್ಟ್ ಖಾತೆಯಾದರೆ ಹೆಸರಿನ ಜಾಗದಲ್ಲಿ ಪೂರ್ತಿ ಇಮೇಲ್ ವಿಳಾಸ ಹಾಕಿ. ಅದೂ ಆಗದಿದ್ದರೆ ಶೇರಿಂಗ್‌ಗೆಂದೇ ಒಂದು ಲೋಕಲ್ ಖಾತೆ (ಮೈಕ್ರೋಸಾಫ್ಟ್ ಖಾತೆಗೆ ಸೇರದ, ಆ ಲ್ಯಾಪ್‌ಟಾಪ್‌ನಲ್ಲೇ ಇರುವ ಖಾತೆ) ಮಾಡಿ, ಪಾಸ್‌ವರ್ಡ್ ಇಟ್ಟು, ಫೋಲ್ಡರಿನ ಅನುಮತಿಯನ್ನು ಅದಕ್ಕೆ ಕೊಡಿ. ವೈಫೈ ಸೆಟ್ಟಿಂಗ್‌ನಲ್ಲಿ ನೆಟ್‌ವರ್ಕ್ 'ಪಬ್ಲಿಕ್' ಅಂತ ಇದ್ದರೆ 'ಪ್ರೈವೇಟ್' ಮಾಡಿ, ಇಲ್ಲದಿದ್ದರೆ ಹೊರಗಿನ ಸಂಪರ್ಕ ತಡೆಯುವ ಫೈರ್‌ವಾಲ್ ಬಾಗಿಲು ತೆಗೆಯುವುದೇ ಇಲ್ಲ.

ಸುಲಭ ಯಾವುದು ಅಂತ ಕೇಳಿದರೆ, ನನ್ನ ಮಟ್ಟಿಗೆ ಮ್ಯಾಕ್. ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ಜನರಲ್, ಅದರೊಳಗೆ ಶೇರಿಂಗ್, ಅಲ್ಲಿ ಫೈಲ್ ಶೇರಿಂಗ್ ಆನ್ ಮಾಡಿ ಫೋಲ್ಡರ್ ಸೇರಿಸಿದರೆ ಬಹುತೇಕ ಮುಗಿಯಿತು. ಆದರೆ ಒಂದು ಟಿಕ್ ಎಲ್ಲರೂ ಮರೆಯುತ್ತಾರೆ: ಆಪ್ಷನ್ಸ್ ಒಳಗೆ ವಿಂಡೋಸ್ ಫೈಲ್ ಶೇರಿಂಗ್ ಅನ್ನುವ ಕಡೆ ನಿಮ್ಮ ಖಾತೆಯ ಹೆಸರಿಗೆ ಟಿಕ್ ಹಾಕಿ ಪಾಸ್‌ವರ್ಡ್ ಕೊಡಬೇಕು. ಇದನ್ನು ಬಿಟ್ಟರೆ ವಿಂಡೋಸ್‌ನಿಂದ ಲಾಗಿನ್ ಆಗಲು ತೊಂದರೆ ಬರುತ್ತದೆ.

ಉಬುಂಟುಗೆ ಕೆಲಸ ಸ್ವಲ್ಪ ಜಾಸ್ತಿ. ಫೋಲ್ಡರ್ ಶೇರ್ ಮಾಡಲು ಸಾಂಬಾ ಅನ್ನುವ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡಬೇಕು, ಅದಕ್ಕೆ ಬೇರೆಯದೇ ಪಾಸ್‌ವರ್ಡ್ ಇಡಬೇಕು. ಲಾಗಿನ್ ಪಾಸ್‌ವರ್ಡ್ ತಾನಾಗಿ ಅಲ್ಲಿಗೆ ಹೋಗುವುದಿಲ್ಲ, ಜನ ಸಿಕ್ಕಿಹಾಕಿಕೊಳ್ಳುವುದೇ ಇಲ್ಲಿ. ಒಮ್ಮೆ ಸರಿಯಾಗಿ ಕೂತರೆ ಮಾತ್ರ ತಕರಾರಿಲ್ಲದೆ ನಡೆಯುತ್ತದೆ.

ಮೂರೂ ಮಾತಾಡುವುದು ಎಸ್‌ಎಂಬಿ ಅನ್ನುವ ಒಂದೇ ಪ್ರೋಟೋಕಾಲ್‌ನಲ್ಲಿ, ಅಂದರೆ ಫೈಲ್ ಹಂಚಿಕೊಳ್ಳುವ ಒಂದೇ ಭಾಷೆಯಲ್ಲಿ. ಹಾಗಾಗಿ ಮೂರರಲ್ಲೂ ಶೇರ್ ಮಾಡುತ್ತಾ ಕೂರಬೇಡಿ, ಮ್ಯಾಕ್‌ನಲ್ಲಿ ಒಂದು ಫೋಲ್ಡರ್ ಶೇರ್ ಮಾಡಿ ಉಳಿದೆರಡರಿಂದ ಅದನ್ನೇ ತೆರೆಯಿರಿ. ವಿಂಡೋಸ್‌ನ ಫೈಲ್ ಎಕ್ಸ್‌ಪ್ಲೋರರ್ ವಿಳಾಸಪಟ್ಟಿಯಲ್ಲಿ ಎರಡು ಬ್ಯಾಕ್‌ಸ್ಲ್ಯಾಷ್ ಹಾಕಿ ಮ್ಯಾಕ್‌ನ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಅದರ ಅಂಕಿಗಳ ವಿಳಾಸ) ಟೈಪ್ ಮಾಡಿದರೆ ಸಾಕು. ಮ್ಯಾಕ್ ನಿದ್ದೆಗೆ ಜಾರದಂತೆ ನೋಡಿಕೊಳ್ಳಿ.

ಕನೆಕ್ಟ್ ಆಗದಿದ್ದರೆ ಹಳೆಯ ಎಸ್‌ಎಂಬಿ 1 ಆನ್ ಮಾಡಿ ಅಂತ ಯಾರಾದರೂ ಹೇಳಬಹುದು. ದಯವಿಟ್ಟು ಮಾಡಬೇಡಿ. 2017ರ ಮೇ ತಿಂಗಳಲ್ಲಿ ಫೈಲ್ ಲಾಕ್ ಮಾಡಿ ಹಣ ಕೇಳುವ ವಾನಾಕ್ರೈ ವೈರಸ್ ಹಬ್ಬಿದ್ದು ವಿಂಡೋಸ್‌ನ ಎಸ್‌ಎಂಬಿ 1ರಲ್ಲಿದ್ದ ದೋಷದಿಂದಲೇ, ನಿಮ್ಮ ಮೂರು ಕಂಪ್ಯೂಟರಿಗೂ ಅದರ ಅಗತ್ಯವಿಲ್ಲ.