ಕೆಸರು, ಹಳ್ಳ ಮತ್ತು 650 ಮಿಲಿಮೀಟರ್: ಫೋರ್ ಬೈ ಫೋರ್ ಬಗ್ಗೆ ನಿಮ್ಮ ಪ್ರಶ್ನೆಗಳು

ಮುಂಗಾರು ಹತ್ತಿರ ಬಂದರೆ ಫೋರ್ ಬೈ ಫೋರ್, ಅಂದರೆ ನಾಲ್ಕೂ ಚಕ್ರ ಎಳೆಯುವ ಗಾಡಿಗಳ ಬಗ್ಗೆ ನನಗೆ ಬರುವ ಪ್ರಶ್ನೆಗಳೆಲ್ಲ ಒಂದೇ ತರಹ. ಸಕಲೇಶಪುರದ ಕಡೆ ಜೀಪು ರಿಪೇರಿ ಮಾಡುತ್ತಾ, ಹೂತ ಗಾಡಿ ಎಳೆಯುತ್ತಾ, ಹೊಸಬರಿಗೆ ಕೆಸರಲ್ಲಿ ಓಡಿಸುವುದನ್ನು ಹೇಳಿಕೊಡುತ್ತಾ ಇಪ್ಪತ್ತು ವರ್ಷ ದಾಟಿತು. ಹೋದ ಮಳೆಗಾಲದಲ್ಲಿ ಹೇಳಿದ್ದನ್ನೇ ಈ ಮಳೆಗಾಲದಲ್ಲೂ ಹೇಳಬೇಕಾಗಿದೆ. ಡಿಫರೆನ್ಷಿಯಲ್ ಅಂದರೇನು, ಫೋರ್ ಲೋ ಹೇಗೆ ಹಾಕಬೇಕು ಅನ್ನುವುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಗಾಡಿಯ ಜೊತೆ ಪುಸ್ತಕ ಕೊಟ್ಟಿರುತ್ತಾರೆ. ದಯವಿಟ್ಟು ಓದಿ.

ಮಳೆಯಲ್ಲಿ ಡಾಂಬರು ರಸ್ತೆಯಲ್ಲೂ ಫೋರ್ ಹೈ ಹಾಕಿಕೊಂಡೇ ಓಡಿಸಿದರೆ ಒಳ್ಳೆಯದು ಅಂತ ಒಂದು ವಿಡಿಯೊದಲ್ಲಿ ನೋಡಿದೆ. ಸರಿಯಾ?

ಥಾರ್, ಜಿಮ್ನಿ, ಗೂರ್ಖಾ ತರಹದ ಗಾಡಿಯಲ್ಲಿ ತಪ್ಪು. ಫೋರ್ ಹೈ ಅಂದರೆ ಮಾಮೂಲಿ ವೇಗದಲ್ಲಿ ನಾಲ್ಕೂ ಚಕ್ರಕ್ಕೆ ಎಳೆತ. ಆಗ ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್ ಎರಡೂ ಒಂದೇ ವೇಗದಲ್ಲಿ ತಿರುಗಲೇಬೇಕು. ತಿರುವಿನಲ್ಲಿ ಅವಕ್ಕೆ ಬೇರೆ ಬೇರೆ ವೇಗ ಬೇಕು. ಮಣ್ಣಾದರೆ ಟೈರು ಸ್ವಲ್ಪ ಜಾರಿ ಸರಿಮಾಡಿಕೊಳ್ಳುತ್ತದೆ. ಗಟ್ಟಿ ರಸ್ತೆಯಲ್ಲಿ ಆ ಬಿಗಿ ಎಲ್ಲ ಎಳೆತವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಗೇರ್ ಪೆಟ್ಟಿಗೆಯ (ಟ್ರಾನ್ಸ್‌ಫರ್ ಕೇಸ್) ಮೇಲೆ ಬೀಳುತ್ತದೆ. ರಸ್ತೆ ಒಣಗಿದ್ದರಂತೂ ಮುಟ್ಟಲೇಬೇಡಿ. ಹೀಗೆ ಓಡಿಸಿ ಕೆಟ್ಟ ಗೇರುಗಳನ್ನು ಬಿಚ್ಚಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಮೂಡಿಗೆರೆ ಹತ್ತಿರ ನಮ್ಮ ಕಾಫಿ ತೋಟ ಇದೆ. ಕೊನೆಯ ಎರಡು ಕಿಲೋಮೀಟರ್ ಕೆಮ್ಮಣ್ಣಿನ ದಾರಿ, ನಡುವೆ ಒಂದು ಹಳ್ಳ. ಜಾಹೀರಾತಿನಲ್ಲಿ ಈಗಿನ ಫೋರ್ ಬೈ ಫೋರ್‌ಗಳು ಬಂಡೆ ಹತ್ತುತ್ತವೆ, ನದಿ ದಾಟುತ್ತವೆ. ನಿಜವಾಗಲೂ ಅಷ್ಟು ಹೋಗುತ್ತವಾ, ಇಲ್ಲ ಸುಮ್ನೆ ಮಾರ್ಕೆಟಿಂಗಾ? 650 ಮಿ.ಮೀ. ನೀರಲ್ಲಿ ಹೋಗುತ್ತೆ ಅಂದರೆ ನಮ್ಮ ಹಳ್ಳ ದಾಟಬಹುದು ಅಲ್ವಾ?

ಈ ಸಲದ ಜಾಗ ಹೆಚ್ಚಿನದು ನಿಮಗೇ. ಇದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಎಲ್ಲರೂ ಕೇಳುತ್ತಾರೆ.

ಗಾಡಿ ಹೋಗುತ್ತದೆ. ಇದನ್ನು ಮೊದಲೇ ಹೇಳುತ್ತೇನೆ, ಯಾಕೆಂದರೆ 'ಹಳೇ ಜೀಪಿನ ಮುಂದೆ ಇವೆಲ್ಲ ಆಟದ ಸಾಮಾನು' ಅನ್ನುವ ಮಾತು ನನಗೆ ಒಪ್ಪಿಗೆ ಇಲ್ಲ. ಹಳೇ ಜೀಪಿನ ಮೇಲೆ ನನಗೆ ಪ್ರೀತಿ ಇದೆ, ಅದರಲ್ಲೇ ಕಲಿತವನು ನಾನು. ಆದರೆ ಮುಂದೆ ಒಂದು, ಹಿಂದೆ ಒಂದು ಚಕ್ರ ಗಾಳಿಯಲ್ಲಿ ನಿಂತರೆ ಆ ಜೀಪು ಅಲ್ಲೇ ನಿಲ್ಲುತ್ತಿತ್ತು. 2020ರ ನಂತರದ ಥಾರ್‌ನಲ್ಲಿ ಸುಮ್ಮನೆ ತಿರುಗುವ ಚಕ್ರಕ್ಕೆ ಬ್ರೇಕ್ ಹಿಡಿದು ಇನ್ನೊಂದು ಚಕ್ರಕ್ಕೆ ಎಳೆತ ಕೊಡುವ ವ್ಯವಸ್ಥೆ ಇದೆ. ಕೆಲವು ಮಾದರಿಗಳಲ್ಲಿ ಹಿಂದಿನ ಆಕ್ಸಲ್‌ಗೆ ಎರಡೂ ಚಕ್ರ ಒಟ್ಟಿಗೇ ತಿರುಗುವಂತೆ ಮಾಡುವ ಮೆಕ್ಯಾನಿಕಲ್ ಲಾಕ್ ಕೂಡ ಇದೆ. ಗೂರ್ಖಾದಲ್ಲಿ ಮುಂದೆ ಒಂದು, ಹಿಂದೆ ಒಂದು ಲಾಕ್, ಎರಡೂ ಡ್ರೈವರ್ ಕೈಯಲ್ಲಿ. ಜಿಮ್ನಿಯಲ್ಲಿ ಲಾಕ್ ಇಲ್ಲ, ಆದರೆ ಮುಂದೆ ಹಿಂದೆ ಎರಡೂ ಕಡೆ ಎಡ ಬಲದ ಚಕ್ರಗಳನ್ನು ಸೇರಿಸುವ ಗಟ್ಟಿ ಆಕ್ಸಲ್, ತೂಕ ಬರೀ 1,200 ಕಿಲೋ ಆಸುಪಾಸು. ನಮ್ಮ ಮಲೆನಾಡಿನ ಕೆಸರಲ್ಲಿ ಹಗುರ ಇರುವುದೇ ಒಂದು ಶಕ್ತಿ. ಫೋರ್ ಲೋ, ಅಂದರೆ ನಿಧಾನವಾಗಿ ಜಾಸ್ತಿ ಬಲದಿಂದ ಎಳೆಯುವ ಗೇರ್, ಹಾಕಿದರೆ ಜಿಮ್ನಿಯಲ್ಲಿ ಎಳೆತ ಸುಮಾರು 2 ಪಟ್ಟು, ಥಾರ್‌ನಲ್ಲಿ ಸುಮಾರು 2.5 ಪಟ್ಟು. ನಿಮ್ಮ ತೋಟದ ದಾರಿಗೆ ಇದು ಬೇಕಾದಷ್ಟಾಯಿತು.

ಹಾಗಾದರೆ ಮಾರ್ಕೆಟಿಂಗ್ ಎಲ್ಲಿ ಬಂತು? ಅರ್ಧ ಮಾತಿನಲ್ಲಿ ಬಂತು. ಹೇಳುವುದು ಸುಳ್ಳಲ್ಲ, ಹೇಳದೆ ಬಿಡುವುದು ಜಾಸ್ತಿ.

ಮೊದಲನೆಯದು, ರೂಪ ನೋಡಿ ಮೋಸಹೋಗುವುದು. 2023ರ ಜನವರಿಯಿಂದ ಥಾರ್ ಹಿಂದಿನ ಎರಡೇ ಚಕ್ರ ಎಳೆಯುವ ಮಾದರಿಯಲ್ಲೂ ಬರುತ್ತಿದೆ. ಥಾರ್‌ನ ಐದು ಬಾಗಿಲಿನ ಮಾದರಿ ರಾಕ್ಸ್‌ನಲ್ಲೂ ಫೋರ್ ಬೈ ಫೋರ್ ಇರುವುದು ಕೆಲವು ಡೀಸೆಲ್ ಮಾದರಿಗಳಲ್ಲಿ ಮಾತ್ರ. ಹೊರಗಿನಿಂದ ನೋಡಿದರೆ ಅದೇ ಗಾಡಿ. ಸೆಕೆಂಡ್ ಹ್ಯಾಂಡ್ ತಗೊಂಡು ಬಂದ ಒಬ್ಬರು ನನ್ನ ಶೆಡ್ಡಿಗೆ ಬಂದು 'ಫೋರ್ ಲೋ ಲಿವರ್ ಎಲ್ಲಿದೆ, ತೋರಿಸಿ' ಅಂದರು. ಅದು ಆ ಗಾಡಿಯಲ್ಲಿ ಇರಲೇ ಇಲ್ಲ. ಮನೆಯವರೆಲ್ಲ ಸೇರಿ ಕೂಡಿಟ್ಟ ಹಣ. ಅವರ ಮುಖ ನೋಡಿ ನನಗೆ ತುಂಬಾ ಬೇಜಾರಾಯಿತು. ಕೊಳ್ಳುವ ಮುಂಚೆ ಕೆಳಗೆ ಬಗ್ಗಿ ನೋಡಿ. ಮುಂದಿನ ಚಕ್ರಗಳ ಕಡೆಗೆ ಹೋಗುವ ಉದ್ದನೆಯ ದಂಡ (ಪ್ರೊಪೆಲ್ಲರ್ ಶಾಫ್ಟ್) ಕಾಣಬೇಕು.

ಎರಡನೆಯದು ಕೋನಗಳ ಲೆಕ್ಕ. ಥಾರ್‌ನ ಮುಂದಿನ ಕೋನ 41 ಡಿಗ್ರಿ, ಜಿಮ್ನಿಯದು 36. ಇದನ್ನು ಓದಿ 'ಅಷ್ಟು ಡಿಗ್ರಿ ಏರು ಹತ್ತುತ್ತದೆ' ಅಂದುಕೊಳ್ಳುವವರು ಎಷ್ಟೋ ಜನ. ಅದು ಏರು ಹತ್ತುವ ಲೆಕ್ಕ ಅಲ್ಲ. ಎದುರಿಗೆ ಅಷ್ಟು ಕಡಿದಾದ ದಿಬ್ಬ ಇದ್ದರೂ ಬಂಪರ್ ತಾಗುವುದಿಲ್ಲ ಅಂತ ಅಷ್ಟೇ. ಹತ್ತುವುದು ಟೈರಿಗೆ ಬಿಟ್ಟದ್ದು. ನೆನೆದ ಕೆಮ್ಮಣ್ಣಿನಲ್ಲಿ ಅದರ ಅರ್ಧ ಏರಿದ್ದರೂ ಗಾಡಿ ಹಿಂದಕ್ಕೆ ಜಾರುತ್ತದೆ.

ಟೈರಿನ ಮಾತು ಜಾಹೀರಾತಿನಲ್ಲಿ ಬರುವುದೇ ಇಲ್ಲ. ನನಗೆ ಸಿಟ್ಟು ಬರುವುದು ಇಲ್ಲೇ. ಜಿಮ್ನಿ ಶೋರೂಮಿನಿಂದ ಬರುವುದು ಹೈವೇ ಟೈರಿನಲ್ಲಿ. ಜೇಡಿಮಣ್ಣಿಗೆ ಇಳಿದರೆ ನಾಲ್ಕು ಸುತ್ತು ತಿರುಗುವಷ್ಟರಲ್ಲಿ ಅದರ ಗೀರುಗಳೆಲ್ಲ ತುಂಬಿ ನುಣ್ಣಗಾಗುತ್ತವೆ. ಆಮೇಲೆ ನಾಲ್ಕು ಚಕ್ರ ಎಳೆದರೂ ಒಂದೇ, ಎರಡು ಎಳೆದರೂ ಒಂದೇ. ಬ್ರೇಕ್ ಹಿಡಿದು ಎಳೆತ ಹಂಚುವ ವ್ಯವಸ್ಥೆ ಕೂಡ ಕೆಲಸ ಶುರುಮಾಡುವುದು ಚಕ್ರ ಸ್ಪಿನ್ ಆದ ಮೇಲೆ. ಜೇಡಿಯಲ್ಲಿ ಸ್ಪಿನ್ ಆಗಲು ಬಿಟ್ಟರೆ ಗಾಡಿ ತನ್ನ ಗುಂಡಿ ತಾನೇ ತೋಡಿಕೊಳ್ಳುತ್ತದೆ. ಬಂಡೆಯ ಮೇಲೆ ಅದ್ಭುತವಾಗಿ ಕೆಲಸ ಮಾಡುವ ಈ ತಂತ್ರ ನಮ್ಮ ಕೆಸರಲ್ಲಿ ಸೋಲುವುದು ಇದೇ ಕಾರಣಕ್ಕೆ. ಜಾಹೀರಾತುಗಳು ಬಂಡೆ, ಮರಳುಗಳನ್ನೇ ಜಾಸ್ತಿ ತೋರಿಸುತ್ತವೆ, ಗಮನಿಸಿ.

ಆದ್ದರಿಂದ ರಸ್ತೆಗೂ ಮಣ್ಣಿಗೂ ಆಗುವ ಆಲ್ ಟೆರೇನ್ ಟೈರು ಹಾಕಿಸಿ. ಮಡ್ ಟೈರು ಬೇಡ. ನೀವು ದಿನಾ ಹೋಗುವುದು ಡಾಂಬರು ರಸ್ತೆಯಲ್ಲಿ, ನೆನೆದ ಡಾಂಬರಿನ ಮೇಲೆ ಮಡ್ ಟೈರಿಗೆ ಬ್ರೇಕ್ ಹಿಡಿತ ಕಡಿಮೆ. ಚಾರ್ಮಾಡಿ ಘಾಟಿಯ ಮಳೆಯಲ್ಲಿ ಅದನ್ನು ನಂಬಿ ಇಳಿಯಲು ನನಗೆ ಧೈರ್ಯ ಇಲ್ಲ. ಅಗಲ ಟೈರಿನ ಆಸೆಯೂ ಬೇಡ. ನಮ್ಮ ತೋಟದ ದಾರಿಗಳಲ್ಲಿ ಮೇಲೆ ನಾಲ್ಕೈದು ಇಂಚು ಕೆಸರು, ಕೆಳಗೆ ಗಟ್ಟಿ ನೆಲ. ಅಗಲ ಕಡಿಮೆ ಇರುವ ಟೈರು ಆ ಕೆಸರನ್ನು ಸೀಳಿ ನೆಲ ಮುಟ್ಟುತ್ತದೆ, ಅಗಲದ್ದು ಮೇಲೆಯೇ ತೇಲುತ್ತದೆ. ಮಣ್ಣಿನ ದಾರಿ ಶುರುವಾಗುವಲ್ಲಿ ಟೈರಿನ ಗಾಳಿ 22–24 ಪಿಎಸ್ಐಗೆ ಇಳಿಸಿ, ವಾಪಸ್ ಬಂದಾಗ ತುಂಬಿಸಿಕೊಳ್ಳಿ. ಒಂದು ಚಿಕ್ಕ ಕಂಪ್ರೆಸರ್ ಗಾಡಿಯಲ್ಲಿ ಇರಲಿ.

ಮಂಡಲಪಟ್ಟಿಗೋ ಕೊಡಚಾದ್ರಿಗೋ ಜೀಪಿನಲ್ಲಿ ಹೋಗಿದ್ದರೆ ಆ ಡ್ರೈವರುಗಳ ಕಾಲು ನೋಡಿ. ಆಕ್ಸಿಲರೇಟರ್ ಒಂದೇ ಸಮ ಇರುತ್ತದೆ. ಯಾವ ಕಲ್ಲಿನ ಮೇಲೆ ಯಾವ ಚಕ್ರ ಹೋಗಬೇಕು ಅಂತ ಹತ್ತು ಅಡಿ ಮೊದಲೇ ಗೊತ್ತಿರುತ್ತದೆ. ಅದು ದಿನಾ ಹೋಗಿ ಬಂದು ಕಲಿತದ್ದು, ಬಟನ್ ಒತ್ತಿದರೆ ಬರುವುದಲ್ಲ.

ಈಗ ನೀರಿಗೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನಗೆ ಭಯ ಹುಟ್ಟಿಸಿದ್ದು ಆ ಕೊನೆಯ ಸಾಲು.

650 ಮಿ.ಮೀ. ಅಂದರೆ ಎರಡು ಅಡಿಗಿಂತ ಸ್ವಲ್ಪ ಜಾಸ್ತಿ. ಅದು ನಿಂತ ನೀರಿನ, ಗಟ್ಟಿ ತಳದ, ನಡೆಯುವಷ್ಟು ನಿಧಾನದ ಲೆಕ್ಕ. ನಿಮ್ಮ ಹಳ್ಳದಲ್ಲಿ ಈ ಮೂರರಲ್ಲಿ ಎಷ್ಟು ಇವೆ? ಜುಲೈ ತಿಂಗಳಲ್ಲಿ ಒಂದೂ ಇರುವುದಿಲ್ಲ. ನೀರು ಕೆಂಪಗೆ, ತಳ ಕಾಣುವುದಿಲ್ಲ. ಮೇಲೆ ಎಲ್ಲೋ ಗುಡ್ಡದಲ್ಲಿ ಮಳೆ ಸುರಿದರೆ ನೀವು ಚಹಾ ಕುಡಿದು ಬರುವಷ್ಟರಲ್ಲಿ ಅರ್ಧ ಅಡಿ ಏರಿರುತ್ತದೆ. ಹೋದ ವಾರ ಇದ್ದ ಕಲ್ಲು ಈ ವಾರ ಅಲ್ಲಿರುವುದಿಲ್ಲ, ಅದಿದ್ದ ಜಾಗದಲ್ಲಿ ಗುಂಡಿ ಇರುತ್ತದೆ.

ಇನ್ನೊಂದು ಲೆಕ್ಕ ಮಾಡಿ ನೋಡಿ. ಥಾರ್ ಹತ್ತಿರ ಹತ್ತಿರ 4 ಮೀಟರ್ ಉದ್ದ, 1.8 ಮೀಟರ್ ಅಗಲ. ನೀರು ಗಾಡಿಯ ನೆಲ ಮುಟ್ಟಿದ ಮೇಲೆ, ಒಳಗೆ ನುಗ್ಗದೆ ಇದ್ದರೆ, ಮೇಲೇರುವ ಪ್ರತಿ 10 ಸೆಂಟಿಮೀಟರಿಗೆ ಗಾಡಿಯನ್ನು ಐನೂರು ಕಿಲೋಗಿಂತ ಜಾಸ್ತಿ ಬಲದಿಂದ ಮೇಲೆತ್ತುತ್ತದೆ. ಗಾಡಿಯ ತೂಕ ಇರುವುದೇ ಒಂದೂ ಮುಕ್ಕಾಲು ಟನ್ ಆಸುಪಾಸು. ಚಕ್ರದ ಮೇಲೆ ತೂಕ ಇಲ್ಲದಿದ್ದರೆ ಹಿಡಿತ ಎಲ್ಲಿಂದ ಬರಬೇಕು? ಆಕ್ಸಲ್ ಲಾಕ್ ಇದ್ದರೂ ಪ್ರಯೋಜನ ಇಲ್ಲ. ಹರಿಯುವ ನೀರು ಪಕ್ಕದಿಂದ ತಳ್ಳುತ್ತದೆ, ಗಾಡಿ ಹಾಗೇ ಸರಿದು ಹೋಗುತ್ತದೆ. ಎರಡು ಅಡಿ ಹರಿಯುವ ನೀರು ಹೆಚ್ಚಿನ ಗಾಡಿಗಳನ್ನು ಕೊಚ್ಚಿಕೊಂಡು ಹೋಗಬಲ್ಲದು. ಜಾಹೀರಾತಿನ ಸಂಖ್ಯೆ ನಿಂತಿರುವುದು ಸರಿಯಾಗಿ ಅದೇ ಗೆರೆಯ ಮೇಲೆ.

2023ರ ಡಿಸೆಂಬರಿನಲ್ಲಿ ಹಿಮಾಚಲದ ಲಾಹೌಲ್‌ನಲ್ಲಿ ಒಬ್ಬರು ಚಂದ್ರಾ ನದಿಯಲ್ಲಿ ಥಾರ್ ಓಡಿಸಿದ ವಿಡಿಯೊ ಎಲ್ಲರ ಫೋನಿಗೂ ಬಂದಿತ್ತು. ಈಗಲೂ ಅದನ್ನು ಸಾಕ್ಷಿ ಅಂತ ನನಗೆ ಕಳಿಸುವವರಿದ್ದಾರೆ. ಅದು ಚಳಿಗಾಲ. ಹಿಮ ಕರಗದ ಕಾಲದಲ್ಲಿ ಆ ನದಿಗಳಲ್ಲಿ ನೀರು ತುಂಬಾ ಕಡಿಮೆ. ಓಡಿಸಿದವರಿಗೆ ಪೊಲೀಸರು ದಂಡ ಹಾಕಿದರು ಅನ್ನುವುದನ್ನು ಯಾರೂ ಜೊತೆಗೆ ಕಳಿಸುವುದಿಲ್ಲ.

ನನ್ನ ಹತ್ತಿರ ಬಂದ ಒಂದು ಗಾಡಿಯ ಕಥೆ ಹೇಳುತ್ತೇನೆ. ಹಳ್ಳದ ನಡುವೆ ಎಂಜಿನ್ ನಿಂತಿತು. ಒಳಗಿದ್ದವರು ಗಾಬರಿಯಲ್ಲಿ ಮೂರು ಸಲ ಸ್ಟಾರ್ಟ್ ಮಾಡಲು ನೋಡಿದರು. ಸಿಲಿಂಡರ್ ಒಳಗೆ ನೀರು ಹೋಗಿತ್ತು. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಕನೆಕ್ಟಿಂಗ್ ರಾಡ್ ಬಗ್ಗಿತು, ಎಂಜಿನ್ ಹೋಯಿತು. ನೀರಲ್ಲಿ ನಿಂತ ಮೇಲೆ ಸ್ಟಾರ್ಟ್ ಮಾಡಿದ್ದರಿಂದ ಆದ ಹಾನಿ ಅಂತ ವಿಮೆಯವರು ಹಣ ಕೊಡಲಿಲ್ಲ. ಎಂಜಿನ್ ರಕ್ಷಣೆಯ ಆಡ್-ಆನ್ ಅವರು ತಗೊಂಡಿರಲಿಲ್ಲ. ಮಲೆನಾಡಿನಲ್ಲಿ ಇರುವವರು ಅದನ್ನು ತಗೊಳ್ಳಿ, ಷರತ್ತು ಓದಿಕೊಂಡು ತಗೊಳ್ಳಿ. ನೀರಲ್ಲಿ ಎಂಜಿನ್ ನಿಂತರೆ ಕೀ ಮುಟ್ಟಬೇಡಿ, ಇಳಿದು ದಡಕ್ಕೆ ಬನ್ನಿ, ಎಳೆಸಿ.

ನನ್ನ ನಿಯಮ ಇಷ್ಟೇ. ನಿಂತ ನೀರು ಮೊಣಕಾಲಿನವರೆಗೆ. ಹರಿಯುವ ನೀರು ಅದರ ಅರ್ಧ. ನಾನು ನಡೆದು ದಾಟಲಾಗದ ನೀರಿಗೆ ಗಾಡಿ ಇಳಿಸುವುದಿಲ್ಲ. ಇದು ಅತಿ ಎಚ್ಚರಿಕೆ ಅನ್ನುವವರಿದ್ದಾರೆ. ಇರಲಿ, ನಾನು ಬದಲಾಯಿಸುವುದಿಲ್ಲ. ರಾತ್ರಿ ಹೊತ್ತು ಹಳ್ಳದಿಂದ ಗಾಡಿ ಎಳೆಯಲು ಹೋಗಿ, ಒಳಗೆ ಮಕ್ಕಳು ಅಳುವುದನ್ನು ಕೇಳಿದ ಮೇಲೆ ಬಂದ ನಿಯಮ ಇದು.

ನಿಮ್ಮ ತೋಟಕ್ಕೆ ನನ್ನ ಸಲಹೆ: ಜಿಮ್ನಿ ಅಥವಾ ಫೋರ್ ಬೈ ಫೋರ್ ಥಾರ್, ಯಾವುದಾದರೂ ಸರಿ. ಐದು ಜನ ಓಡಾಡುವುದಿದ್ದರೆ ಫೋರ್ ಬೈ ಫೋರ್ ರಾಕ್ಸ್. ಟೈರಿಗೆ ದುಡ್ಡು ಎತ್ತಿಡಿ. ದೊಡ್ಡ ಮಾದರಿಗೆ ಅಂತ ಇಟ್ಟುಕೊಂಡ ಹಣ ಉಳಿದರೆ ಆ ಹಳ್ಳಕ್ಕೆ ಸಿಮೆಂಟ್ ಪೈಪು ಇಟ್ಟು ಒಂದು ಮೋರಿ ಕಟ್ಟಿಸಿ, ಪಂಚಾಯಿತಿಯವರನ್ನು ಕೇಳಿಕೊಂಡು. ಅಲ್ಲಿಯವರೆಗೆ ಹಳ್ಳದ ಪಕ್ಕ ಒಂದು ಕಂಬ ನೆಟ್ಟು, ಮೊಣಕಾಲಿನ ಅರ್ಧ ಎತ್ತರಕ್ಕೆ ಕೆಂಪು ಬಣ್ಣ ಬಳಿಯಿರಿ. ನೀರು ಬಣ್ಣ ಮುಟ್ಟಿದ ದಿನ ಗಾಡಿ ಈಚೆ ದಡದಲ್ಲೇ ಇರಲಿ.

ಸ್ನಾರ್ಕೆಲ್ ಹಾಕಿಸಿದರೆ ಇನ್ನೂ ಆಳಕ್ಕೆ ಹೋಗಬಹುದಲ್ಲ?

ಇಲ್ಲ. ಸ್ನಾರ್ಕೆಲ್ ಅಂದರೆ ಎಂಜಿನ್ ಗಾಳಿ ಎಳೆಯುವ ಬಾಯಿಯನ್ನು ಮೇಲಕ್ಕೆ ಒಯ್ಯುವ ಪೈಪು. ಮೂಗು ಮಾತ್ರ ಮೇಲೆ ಬಂತು, ತೇಲುವ ಲೆಕ್ಕ ಹಾಗೇ ಉಳಿಯಿತು. ಆಕ್ಸಲ್ ಒಳಗೆ ಗಾಳಿಯಾಡುವ ರಂಧ್ರ (ಬ್ರೀದರ್), ವೈರಿಂಗ್ ಎಲ್ಲ ಇದ್ದಲ್ಲೇ ಇವೆ. ರಸ್ತೆ ಬದಿಯಲ್ಲಿ ಒಂದು ಗಂಟೆಯಲ್ಲಿ ಸ್ನಾರ್ಕೆಲ್ ಕೂರಿಸಿಕೊಡುವವರು ಎಷ್ಟೋ ಸಲ ಜಾಯಿಂಟ್ ಸೀಲ್ ಮಾಡಿರುವುದೇ ಇಲ್ಲ. ಅಂಥದ್ದು ಹಾಕಿಸಿದರೆ ನೀರು ಸೀದಾ ಏರ್ ಫಿಲ್ಟರಿಗೆ ಹೋಗುತ್ತದೆ. ಸ್ಪ್ರಿಂಗ್ ಮೇಲೆ ಸ್ಪೇಸರ್ ಇಟ್ಟು ಗಾಡಿ ಎತ್ತರಿಸಿಕೊಡುವವರೂ ಇದೇ ಗುಂಪಿನವರು. ಅವರ ಕೆಲಸ ಬಿಚ್ಚಿ ಸರಿಮಾಡುವುದೇ ನನಗೆ ಮಳೆಗಾಲದ ಅರ್ಧ ಕೆಲಸ.

ಗ್ರ್ಯಾಂಡ್ ವಿಟಾರಾ ಆಲ್‌ಗ್ರಿಪ್ ಇದೆ. ಕೊಡಚಾದ್ರಿ ಜೀಪ್ ದಾರಿಯಲ್ಲಿ ಹೋಗಬಹುದಾ?

ಬೇಡ. ಅದು ನಾಲ್ಕೂ ಚಕ್ರ ಎಳೆಯುತ್ತದೆ, ಜಾರುವ ರಸ್ತೆಗೆ ಮಾಡಿದ ಒಳ್ಳೆಯ ಕಾರು, ಆದರೆ ಅದರಲ್ಲಿ ಫೋರ್ ಲೋ ತರಹದ ಲೋ ಗೇರ್ ಇಲ್ಲ. ಕೆಳಗೆ ನಿಲ್ಲಿಸಿ, ಊರಿನ ಜೀಪಿನವರಿಗೆ ಬಾಡಿಗೆ ಕೊಡಿ.

ಮುಂದೆ ದೊಡ್ಡ ಬುಲ್ ಬಾರ್ ಹಾಕಿಸಬೇಕು ಅಂತಿದ್ದೇನೆ.

2017ರ ಡಿಸೆಂಬರಿನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಬೇಡ ಅಂದಿದೆ. ನಡೆದು ಹೋಗುವವರಿಗೆ ಬಡಿದರೆ ಉಳಿಯುವುದಿಲ್ಲ. ಹಾಕಿಸಬೇಡಿ.

ಬೆಂಗಳೂರಿನಿಂದ ನಾಲ್ಕು ಗಾಡಿಯಲ್ಲಿ ಬರುತ್ತಿದ್ದೇವೆ. ಬಿಸಿಲೆ ಕಾಡಿನ ಒಳಗೆ ಯಾರಿಗೂ ಗೊತ್ತಿಲ್ಲದ ಒಂದು ದಾರಿ ಹೇಳಿ.

ಹೇಳುವುದಿಲ್ಲ. ಅದು ಮೀಸಲು ಅರಣ್ಯ, ಅನುಮತಿ ಇಲ್ಲದೆ ನುಗ್ಗುವುದು ಅಪರಾಧ. ನಿಮ್ಮ ಚಕ್ರದ ಗುರುತಿನಲ್ಲಿ ಮಳೆ ನೀರು ಹರಿದು ಎರಡೇ ವರ್ಷದಲ್ಲಿ ಕೊರಕಲಾಗುತ್ತದೆ. ತೋಟದವರನ್ನು ಕೇಳಿ, ದುಡ್ಡು ಕೊಟ್ಟು, ಅವರ ಜಾಗದಲ್ಲಿ ಓಡಿಸಿ.

ಹೂತ ಗಾಡಿ ಎಳೆಯಲು ಹಿಂದಿನ ಟೋ ಬಾಲ್‌ಗೆ ಹಗ್ಗ ಕಟ್ಟಬಹುದಾ? ನಮ್ಮ ಸ್ನೇಹಿತರೆಲ್ಲ ಹಾಗೇ ಮಾಡುತ್ತಾರೆ.

ನಿಮ್ಮ ಸ್ನೇಹಿತರಿಗೆ ಈ ಪುಟ ಇವತ್ತೇ ತೋರಿಸಿ. ಟೋ ಬಾಲ್ ಇರುವುದು ಟ್ರೇಲರ್ ಎಳೆಯಲು. ಜಗ್ಗಿ ಎಳೆಯುವ ಹಗ್ಗದ ಬಿಗಿಗೆ ಅದು ತುಂಡಾದರೆ ಆ ಕಬ್ಬಿಣದ ಉಂಡೆ ಬಂದೂಕಿನ ಗುಂಡಿನ ತರಹವೇ ಹಾರುತ್ತದೆ. ಬೇರೆ ದೇಶಗಳಲ್ಲಿ ಹೀಗೆ ಜನ ಸತ್ತಿದ್ದಾರೆ. ಚಾಸಿಗೆ ಕೂರಿಸಿರುವ ಕೊಕ್ಕೆಗೇ ಕಟ್ಟಿ. ಬಂಪರಿನಲ್ಲಿ ತಿರುಪಿ ಹಾಕುವ ಕೊಕ್ಕೆ ಕೆಟ್ಟುನಿಂತ ಕಾರನ್ನು ರಸ್ತೆಯಲ್ಲಿ ಎಳೆಯಲು ಮಾತ್ರ. ಹಗ್ಗದ ನಡುವೆ ಒಂದು ನೆನೆದ ಗೋಣಿಚೀಲ ಹಾಕಿ, ಹಗ್ಗ ಕಡಿದರೆ ಅದು ಮೇಲೆ ಹಾರದೆ ಕೆಳಗೆ ಬೀಳಲಿ. ಎಳೆಯುವಾಗ ಹಗ್ಗದ ಉದ್ದಕ್ಕಿಂತ ದೂರ ಎಲ್ಲರೂ ನಿಲ್ಲಬೇಕು. ಅದಕ್ಕೂ ಮುಂಚೆ ಒಂದು ಸಲಿಕೆ ತಗೊಂಡು ನಾಲ್ಕೂ ಚಕ್ರದ ಮುಂದಿನ ಮಣ್ಣು ತೆಗೆಯಿರಿ. ಎಷ್ಟೋ ಸಲ ಹಗ್ಗ ಬೇಕಾಗುವುದೇ ಇಲ್ಲ.