ಕೆಲಸ ಕುಸಿದಾಗ ಮೊದಲು ಕೇಳಬೇಕಾದ ಪ್ರಶ್ನೆ

ದಾವಣಗೆರೆ ಜಿಲ್ಲೆಯ ಪತ್ತಿನ ಸಹಕಾರಿ ಸಂಘವೊಂದರ ವ್ಯವಸ್ಥಾಪಕರು ಬರೆಯುತ್ತಾರೆ: ‘ವರ್ಷಗಟ್ಟಲೆ ಚೊಕ್ಕವಾಗಿ ಲೆಕ್ಕ ಬರೆದ ಗುಮಾಸ್ತರೊಬ್ಬರು ನಾಲ್ಕು ತಿಂಗಳಿಂದ ಲೆಡ್ಜರ್‌ನಲ್ಲಿ ತಪ್ಪು ಮಾಡತೊಡಗಿದರು, ಸಾಲದ ಅರ್ಜಿಗಳನ್ನು ಹಾಗೇ ಉಳಿಸಿದರು. ಕಾರಣ ಕೇಳಿ ನೋಟಿಸ್ ಕೊಟ್ಟ ಮರುವಾರವೇ ಖಿನ್ನತೆಯೆಂದು ವೈದ್ಯರ ಪ್ರಮಾಣಪತ್ರ ಕಳಿಸಿ ರಜೆ ಹಾಕಿದ್ದಾರೆ. ಇದು ಶಿಸ್ತುಕ್ರಮದಿಂದ ತಪ್ಪಿಸಿಕೊಳ್ಳುವ ದಾರಿಯಲ್ಲವೇ?’

ಮಾನ್ಯರೇ, ಸಾಲಕ್ಕಾಗಿ ಕಾದು ನಿಂತ ರೈತರಿಗೆ ಉತ್ತರ ಹೇಳಬೇಕಾದವರು ನೀವೇ ಎಂಬುದನ್ನು ಬಲ್ಲೆ. ಸುಳ್ಳು ಪ್ರಮಾಣಪತ್ರಗಳೂ ಇಲ್ಲದಿಲ್ಲ. ಆದರೆ ನಿಮ್ಮ ಪತ್ರವನ್ನು ನೀವೇ ಇನ್ನೊಮ್ಮೆ ಓದಿ. ನೋಟಿಸ್ ಮೊದಲು, ರಜೆ ಆಮೇಲೆ ಎಂಬುದನ್ನು ಹಿಡಿದುಕೊಂಡ ನೀವು, ಅವೆರಡಕ್ಕೂ ತಿಂಗಳುಗಳ ಮೊದಲೇ ಅವರ ಕೆಲಸ ಕುಸಿದಿತ್ತೆಂಬುದನ್ನು ಬರೆದೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಗಮನ ನಿಲ್ಲದಿರುವುದು, ಸಣ್ಣ ತೀರ್ಮಾನವೂ ಕೈಗೂಡದಿರುವುದು ಖಿನ್ನತೆಯನ್ನು ಗುರುತಿಸಲು ವೈದ್ಯರು ಹುಡುಕುವ ಲಕ್ಷಣಗಳೇ. ಲೆಕ್ಕ ಬರೆಯುವವರಲ್ಲಿ ಅವು ಲೆಡ್ಜರ್‌ನಲ್ಲಲ್ಲದೆ ಇನ್ನೆಲ್ಲಿ ಕಾಣಿಸಿಕೊಳ್ಳಬೇಕು?

ವಿಶ್ವ ಆರೋಗ್ಯ ಸಂಸ್ಥೆಗಾಗಿ ಹಾರ್ವರ್ಡ್‌ನ ರೊನಾಲ್ಡ್ ಕೆಸ್ಲರ್ ಮತ್ತು ಸಂಗಡಿಗರು ರೂಪಿಸಿದ ಪ್ರಶ್ನಾವಳಿಯಲ್ಲಿ, ಕಳೆದ ನಾಲ್ಕು ವಾರಗಳ ನಿಮ್ಮ ಕೆಲಸಕ್ಕೆ 0ಯಿಂದ 10ರೊಳಗೆ ನೀವೇ ಎಷ್ಟು ಅಂಕ ಕೊಡುವಿರಿ ಎಂಬ ಸರಳ ಪ್ರಶ್ನೆಯೊಂದಿದೆ. ಜಪಾನಿನ ನೌಕರರಿಗೆ ಇದೇ ಪ್ರಶ್ನೆಯನ್ನು ಕೇಳಿ, ಮುಂದೆ ಅವರ ರಜೆಯ ದಾಖಲೆಗಳನ್ನು ಗಮನಿಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ತಮಗೆ ತಾವೇ ಕಡಿಮೆ ಅಂಕ ಕೊಟ್ಟುಕೊಂಡವರಲ್ಲಿ ಮಾನಸಿಕ ಕಾಯಿಲೆಯಿಂದಾಗಿ ರಜೆ ಹೋಗುವ ಸಂಭವ ಹೆಚ್ಚಿತ್ತು. ಅದೇ ವರ್ಷದ ಡಿಸೆಂಬರ್‌ನಿಂದ ಆ ದೇಶವು 50 ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವಲ್ಲಿ ವರ್ಷಕ್ಕೊಮ್ಮೆ ಒತ್ತಡದ ತಪಾಸಣೆಯನ್ನು ಕಡ್ಡಾಯಗೊಳಿಸಿತು. ನೌಕರರು ಒಪ್ಪದೆ ಅದರ ಫಲಿತಾಂಶ ಮಾಲೀಕರ ಕೈ ಸೇರುವಂತಿಲ್ಲ ಎಂಬ ನಿಯಮ ನನಗೆ ಬಹಳ ಮೆಚ್ಚುಗೆಯಾದದ್ದು.

ನಮ್ಮಲ್ಲಿ ಮಾತ್ರ ಹಾಜರಿ ಪುಸ್ತಕದಲ್ಲಿ ಸಹಿ ಬಿದ್ದರೆ ಮನುಷ್ಯ ಆರೋಗ್ಯವಂತ! ಮಾನಸಿಕ ಕಾಯಿಲೆಯನ್ನು ದೇಹದ ಕಾಯಿಲೆಗೆ ಸಮಾನವಾಗಿ ಕಾಣಬೇಕೆಂದು 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ ಹೇಳಿದರೂ, ಖಿನ್ನತೆಯಿರುವವರು ರಜೆ ಅರ್ಜಿಯಲ್ಲಿ ವೈರಲ್ ಜ್ವರವೆಂದು ಬರೆಯಬೇಕಾದ ಸ್ಥಿತಿ ಇದೆ. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ, ಖಿನ್ನತೆಯುಳ್ಳ ನೂರು ಜನರಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಅವರಲ್ಲಿ ಎಷ್ಟೋ ಮಂದಿ ಈ ಹೊತ್ತಿಗೂ ಯಾವುದೋ ಕಚೇರಿಯಲ್ಲಿ ಕುಳಿತು ಸೋಮಾರಿ ಎನಿಸಿಕೊಳ್ಳುತ್ತಿರಬಹುದು. ನಿಮ್ಮ ಗುಮಾಸ್ತರು ನಿಜವಾದ ಕಾರಣವನ್ನೇ ಬರೆದು ಕಳಿಸಿದ್ದಾರೆ. ಅದಕ್ಕೆ ಧೈರ್ಯ ಬೇಕಿತ್ತು.

ನೋಟಿಸನ್ನು ಸದ್ಯಕ್ಕೆ ತಡೆಹಿಡಿಯಿರಿ. ಅವರು ಮರಳಿದ ದಿನವೇ ಬಾಕಿ ಅರ್ಜಿಗಳನ್ನೆಲ್ಲ ಒಪ್ಪಿಸದೆ, ಮೊದಲ ಕೆಲವು ವಾರ ಲೆಡ್ಜರ್ ತಾಳೆ ನೋಡಲು ಇನ್ನೊಬ್ಬರನ್ನು ಜೊತೆಗೆ ಕೊಡಿ. ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಎಲ್ಲರಿಗೂ ಕಾಣುವಂತೆ ಸೂಚನಾ ಫಲಕದಲ್ಲಿ ಹಾಕಿಸಿ. ಇನ್ನು ಮುಂದೆ ಯಾರ ಕೆಲಸವಾದರೂ ಹೀಗೆ ತಪ್ಪತೊಡಗಿದರೆ, ನೋಟಿಸ್ ಟೈಪ್ ಮಾಡಿಸುವ ಮುನ್ನ ಬಾಗಿಲು ಹಾಕಿಕೊಂಡು, ‘ರಾತ್ರಿ ನಿದ್ದೆ ಬರುತ್ತಿದೆಯೇ?’ ಎಂದು ಅವರನ್ನು ಕೇಳಿ.